ನೆಟ್‌ವರ್ಕ್ ನಂಬಲಾಗದ ಊರಿನಿಂದ ನೇರ ಪ್ರಸಾರ

ಧ್ವನಿಯನ್ನು ಇಂಟರ್ನೆಟ್ ಮೂಲಕ ನೇರವಾಗಿ ಬಿತ್ತರಿಸಲು ಬೇಕಾಗುವ ವೇಗ ತೀರಾ ಕಡಿಮೆ. ತಾಳಮದ್ದಳೆಯ ಅರ್ಥಧಾರಿಯೊಬ್ಬರ ಮಾತು ಸ್ಪಷ್ಟವಾಗಿ ಕೇಳಿಸಲು ಸೆಕೆಂಡಿಗೆ 24ರಿಂದ 32 ಕಿಲೋಬಿಟ್ ಸಾಕು. ಭಾಗವತಿಕೆ, ಚೆಂಡೆ, ಮದ್ದಳೆ, ಚಕ್ರತಾಳ ಎಲ್ಲ ಸೇರಿದ ಹಿಮ್ಮೇಳಕ್ಕೆ 64ರಿಂದ 96 ಕಿಲೋಬಿಟ್ ಕೊಟ್ಟರೆ ಧಾರಾಳವಾಯಿತು. ಸೆಕೆಂಡಿಗೆ 64 ಕಿಲೋಬಿಟ್‌ನಂತೆ ಒಂದು ಗಂಟೆ ಕಳಿಸಿದರೆ ಖರ್ಚಾಗುವುದು 29 ಎಂಬಿಗಿಂತ ಕಡಿಮೆ ಡೇಟಾ. ರಾತ್ರಿಯಿಡೀ ಎಂಟು ಗಂಟೆ ನಡೆದರೂ 230 ಎಂಬಿ ಆಸುಪಾಸು. ಸಿಗ್ನಲ್ ಅಷ್ಟಕ್ಕಷ್ಟೇ ಎನ್ನುವ ಹಳ್ಳಿಯಲ್ಲೂ 4ಜಿ ಫೋನಿನ ಸ್ಪೀಡ್ ಟೆಸ್ಟ್ ಇದರ ಹತ್ತಾರು ಪಟ್ಟು ಅಂಕಿ ತೋರಿಸುವುದುಂಟು. ಆದರೂ ಕರಾವಳಿ, ಮಲೆನಾಡಿನ ಊರುಗಳಿಂದ ಮುಂಬೈ, ಬೆಂಗಳೂರು, ಕೊಲ್ಲಿ ದೇಶಗಳ ಕೇಳುಗರಿಗೆ ಹೋಗುವ ನೇರ ಪ್ರಸಾರಗಳಲ್ಲಿ ಮಾತು ತುಂಡಾಗುತ್ತದೆ, ಪದ್ಯ ನಡುವೆ ನಿಲ್ಲುತ್ತದೆ, ಪರದೆಯ ಮೇಲೆ ಚಕ್ರ ತಿರುಗತೊಡಗುತ್ತದೆ.

ಸ್ಪೀಡ್ ಟೆಸ್ಟ್ ಹೇಳುವುದು ಕೆಲವು ಸೆಕೆಂಡುಗಳ ಸರಾಸರಿಯನ್ನು. ಒಂದು ನಿಮಿಷದಲ್ಲಿ ಎರಡು ಸೆಕೆಂಡು ಸಂಪರ್ಕ ಪೂರ್ತಿ ಸತ್ತು ಮತ್ತೆ ಬದುಕಿದರೆ ಸರಾಸರಿಯಲ್ಲಿ ಅದು ಕಾಣುವುದೇ ಇಲ್ಲ. ಸಿನಿಮಾ ಡೌನ್‌ಲೋಡ್ ಮಾಡುವವರಿಗೆ ಆ ಎರಡು ಸೆಕೆಂಡಿನಿಂದ ನಷ್ಟವೇನೂ ಇಲ್ಲ. ನೇರ ಪ್ರಸಾರದಲ್ಲಿ ಮಾತ್ರ ದನಿ ಆಗಲೇ ಹುಟ್ಟಿ ಆಗಲೇ ಹೊರಡಬೇಕು. ಕೃಷ್ಣಸಂಧಾನದಲ್ಲಿ ಕೌರವ ಎತ್ತಿದ ಪ್ರಶ್ನೆಯ ಕೊನೆಯ ಎರಡು ಪದ ತಪ್ಪಿಹೋದರೆ ಕೃಷ್ಣನ ಉತ್ತರ ಯಾವುದಕ್ಕೆ ಬಂತೆಂದೇ ತಿಳಿಯುವುದಿಲ್ಲ. ಮಾತೇ ಪ್ರಾಣವಾದ ಇಂಥ ಕಲೆಗೆ ದೃಶ್ಯ ಮಸುಕಾದರೂ ನಡೆದೀತು, ದನಿ ಕಡಿಯಬಾರದು. ಹಾಗಾಗಿ ಇಲ್ಲಿ ಗಮನಿಸಬೇಕಾದದ್ದು ಸಂಪರ್ಕದ ಗರಿಷ್ಠ ವೇಗಕ್ಕಿಂತ ಅದರ ನಿರಂತರತೆಯನ್ನು, ಅದರಲ್ಲೂ ಅಪ್‌ಲೋಡ್ ದಿಕ್ಕಿನ ನಿರಂತರತೆಯನ್ನು.

ದನಿ ಸಾಗುವ ದಾರಿ

ಮೈಕ್ ಹಿಡಿದ ದನಿ ಮಿಕ್ಸರಿಗೆ ಬರುತ್ತದೆ, ಅಲ್ಲಿಂದ ಸೌಂಡ್ ಕಾರ್ಡಿಗೆ. ಸೌಂಡ್ ಕಾರ್ಡ್ ಅದನ್ನು ಸೆಕೆಂಡಿಗೆ 48,000 ಸಲ ಅಳೆದು ಅಂಕಿಗಳಾಗಿ ಮಾಡುತ್ತದೆ. ಪ್ರತಿ ಅಳತೆಗೆ 16 ಬಿಟ್, ಎಡಕ್ಕೊಂದು ಬಲಕ್ಕೊಂದು ಎಂದು ಲೆಕ್ಕ ಹಾಕಿದರೆ ಸೆಕೆಂಡಿಗೆ 1,536 ಕಿಲೋಬಿಟ್ ಆಗುತ್ತದೆ. ಇಷ್ಟನ್ನು ಹಾಗೆಯೇ ಕಳಿಸುವ ಅಗತ್ಯವಿಲ್ಲ. ಕಿವಿ ಗುರುತಿಸಲಾರದ ಅಂಶಗಳನ್ನು ಬಿಟ್ಟು ಉಳಿದದ್ದನ್ನು ಅಡಕಗೊಳಿಸುವ ಕೆಲಸವನ್ನು ಕೋಡೆಕ್ ಎಂಬ ತಂತ್ರಾಂಶ ಮಾಡುತ್ತದೆ. ಎಂಪಿ3 ಇವುಗಳಲ್ಲಿ ಹಳೆಯದು. ಎಎಸಿ ಅದಕ್ಕಿಂತ ಮೇಲು. 2012ರಲ್ಲಿ ಮಾನ್ಯತೆ ಪಡೆದ ಓಪಸ್ ಎಂಬ ಕೋಡೆಕ್ ಸೆಕೆಂಡಿಗೆ 6 ಕಿಲೋಬಿಟ್‌ನಿಂದ 510 ಕಿಲೋಬಿಟ್‌ವರೆಗೆ ಎಲ್ಲಿ ಬೇಕಾದರೂ ಕೆಲಸ ಮಾಡಬಲ್ಲುದು, ಮತ್ತು ಪ್ರಸಾರ ನಡೆಯುತ್ತಿರುವಾಗಲೇ ಬಿಟ್‌ರೇಟ್ ಬದಲಿಸಬಲ್ಲುದು. ದುರ್ಬಲ ನೆಟ್‌ವರ್ಕಿಗೆ ಅದಕ್ಕಿಂತ ಒಳ್ಳೆಯ ಆಯ್ಕೆ ಸಿಗುವುದು ಕಷ್ಟ.

ಓಪಸ್ ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ದನಿಯನ್ನು ಒಂದು ಪ್ಯಾಕೆಟ್ ಮಾಡುತ್ತದೆ, ಎಂದರೆ ಸೆಕೆಂಡಿಗೆ ಐವತ್ತು ಪ್ಯಾಕೆಟ್. 64 ಕಿಲೋಬಿಟ್‌ನ ಪ್ರಸಾರದಲ್ಲಿ ಒಂದೊಂದರಲ್ಲೂ ಇರುವ ದನಿ 160 ಬೈಟ್ ಮಾತ್ರ. ಅದರ ಮೇಲೆ ವಿಳಾಸ, ಕ್ರಮಸಂಖ್ಯೆ, ಸಮಯ ಇತ್ಯಾದಿ ವಿವರಗಳಿಗೆ ಸುಮಾರು 40 ಬೈಟ್ ಸೇರುತ್ತದೆ. ಈ ಮೇಲುಖರ್ಚೇ ಸೆಕೆಂಡಿಗೆ 16 ಕಿಲೋಬಿಟ್ ಆಗುವುದರಿಂದ 64 ಎಂದು ಇಟ್ಟದ್ದು ದಾರಿಯಲ್ಲಿ 80 ಆಗಿರುತ್ತದೆ. ಪ್ಯಾಕೆಟ್‌ಗಳು ವೈಫೈ ಅಥವಾ ಮೊಬೈಲ್ ಟವರ್ ಹಾದು ಸರ್ವರ್ ಸೇರುತ್ತವೆ. ಅಲ್ಲಿ ದನಿ ನೂರಾರು ಪ್ರತಿಗಳಾಗಿ ಕೇಳುಗರ ಕಡೆ ಹೊರಡುತ್ತದೆ. ಸರ್ವರ್‌ವರೆಗಿನ ಭಾಗದಲ್ಲಿ ತೊಂದರೆಯಾದರೆ ಎಲ್ಲರಿಗೂ ತೊಂದರೆ; ಆಮೇಲಿನ ಭಾಗದಲ್ಲಾದರೆ ಆ ಕೇಳುಗರೊಬ್ಬರಿಗೇ. ದೋಷ ಹುಡುಕುವ ಕೆಲಸವೆಲ್ಲ ಈ ವ್ಯತ್ಯಾಸದ ಮೇಲೆ ನಿಂತಿದೆ.

ಗಾಳಿಯಲ್ಲಿ ಏನಾಗುತ್ತದೆ

ತಂತಿಯಲ್ಲಿ ಹೋಗುವ ಪ್ಯಾಕೆಟ್ ಬಹುಮಟ್ಟಿಗೆ ಹೇಳಿದ ಹೊತ್ತಿಗೆ ತಲುಪುತ್ತದೆ. ರೇಡಿಯೊ ಅಲೆಯಲ್ಲಿ ಹೋಗುವುದಕ್ಕೆ ಆ ಭರವಸೆ ಇಲ್ಲ. ಗೋಡೆ, ಗುಡ್ಡ, ಜನ, ಪಕ್ಕದ ಮನೆಯ ರೂಟರ್ ಎಲ್ಲವೂ ಅದನ್ನು ಕೆಡಿಸಬಲ್ಲವು. ವೈಫೈನಲ್ಲಿ ಪ್ರತಿ ಪ್ಯಾಕೆಟ್ಟಿಗೂ ಆ ಕಡೆಯಿಂದ ‘ಮುಟ್ಟಿತು’ ಎಂಬ ಉತ್ತರ ಬರಬೇಕು. ಬಾರದಿದ್ದರೆ ಅದನ್ನೇ ಮತ್ತೆ ಮತ್ತೆ ಕಳಿಸಲಾಗುತ್ತದೆ. 4ಜಿಯಲ್ಲೂ ಕೆಟ್ಟುಬಂದ ತುಣುಕನ್ನು ಸುಮಾರು 8 ಮಿಲಿಸೆಕೆಂಡಿನ ಅಂತರದಲ್ಲಿ ಪುನಃ ಕೇಳಿ ಪಡೆಯುವ ಏರ್ಪಾಡಿದೆ. ಇದರಿಂದ ಪ್ಯಾಕೆಟ್ ಕಳೆದುಹೋಗುವುದು ತಪ್ಪುತ್ತದೆ, ಆದರೆ ತಡವಾಗುತ್ತದೆ, ಆ ತಡವೂ ಪ್ರತಿ ಪ್ಯಾಕೆಟ್ಟಿಗೆ ಒಂದೊಂದು ರೀತಿ. ಒಂದು 40 ಮಿಲಿಸೆಕೆಂಡಿನಲ್ಲಿ ಮುಟ್ಟಿದರೆ ಮುಂದಿನದು 45ರಲ್ಲಿ, ಅದರ ಮುಂದಿನದು 600ರಲ್ಲಿ. ತಂತ್ರಜ್ಞರು ಜಿಟ್ಟರ್ ಎನ್ನುವುದು ಈ ಏರುಪೇರನ್ನು. ನಿಸ್ತಂತು ಸಂಪರ್ಕದಲ್ಲಿ ದನಿ ಕಡಿಯುವುದಕ್ಕೆ ಪ್ಯಾಕೆಟ್ ನಷ್ಟಕ್ಕಿಂತ ಇದೇ ಹೆಚ್ಚಾಗಿ ಕಾರಣ.

ಫೋನಿನ ಮೂಲೆಯಲ್ಲಿ ಕಾಣುವ ಸಿಗ್ನಲ್ ಗೆರೆಗಳನ್ನು ಪ್ರಸಾರಕರು ಅಳತೆಗೋಲು ಮಾಡಿಕೊಳ್ಳಬಾರದು. ಆ ಗೆರೆಗಳು ತಿಳಿಸುವುದು ಟವರಿನ ಸಂಕೇತ ಫೋನಿಗೆ ಎಷ್ಟು ಜೋರಾಗಿ ಕೇಳುತ್ತಿದೆ ಎಂಬುದನ್ನು. ಪ್ರಸಾರಕ್ಕೆ ಬೇಕಾದದ್ದು ಫೋನಿನ ಸಂಕೇತ ಟವರಿಗೆ ಎಷ್ಟು ಕೇಳುತ್ತಿದೆ ಎಂಬ ಮಾಹಿತಿ. ಟವರಿನ ಆಂಟೆನಾ ಹತ್ತಾರು ವ್ಯಾಟ್ ಶಕ್ತಿಯಿಂದ ಕಳಿಸುತ್ತದೆ. 4ಜಿ ಫೋನು ಸಾಮಾನ್ಯವಾಗಿ ಕಳಿಸಬಹುದಾದ ಗರಿಷ್ಠ ಶಕ್ತಿ 200 ಮಿಲಿವ್ಯಾಟ್, ಎಂದರೆ ಒಂದು ವ್ಯಾಟಿನ ಐದನೇ ಒಂದು ಪಾಲು. ಇದರ ಜೊತೆಗೆ ನಮ್ಮ ದೇಶದಲ್ಲಿ 4ಜಿಗೆ ಬಳಸುವ 2300 ಮೆಗಾಹರ್ಟ್ಸ್ ಆವರ್ತನದಲ್ಲಿ ಅಪ್‌ಲೋಡ್, ಡೌನ್‌ಲೋಡ್ ಎರಡೂ ಒಂದೇ ದಾರಿಯನ್ನು ಸರದಿಯಂತೆ ಹಂಚಿಕೊಳ್ಳುತ್ತವೆ, ಸರದಿಯ ದೊಡ್ಡ ಪಾಲು ಡೌನ್‌ಲೋಡಿಗೆ ಹೋಗುತ್ತದೆ. ಇದೇ ಫೋನಿನಲ್ಲಿ ಸಿನಿಮಾ ಸರಾಗವಾಗಿ ಓಡುತ್ತಿದ್ದರೂ ನೇರ ಪ್ರಸಾರ ತಡವರಿಸುವುದು ಇದರಿಂದ.

ಗೆರೆಗಳ ಬದಲು ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿರುವ ಸಿಮ್ ಸ್ಟೇಟಸ್ ನೋಡಿದರೆ ಸಿಗ್ನಲ್ ಬಲ ಡಿಬಿಎಂ ಎಂಬ ಮಾನದಲ್ಲಿ ಕಾಣುತ್ತದೆ. ಅದು ಋಣ ಸಂಖ್ಯೆ. 4ಜಿಯಲ್ಲಿ ಮೈನಸ್ 80ರ ಸುತ್ತ ಇದ್ದರೆ ಉತ್ತಮ. ಮೈನಸ್ 110 ದಾಟಿ ಕೆಳಗಿಳಿದರೆ ನೇರ ಪ್ರಸಾರಕ್ಕೆ ನೆಚ್ಚುವಂತಿಲ್ಲ. ಈ ಮಾನದಲ್ಲಿ 10 ಕಡಿಮೆಯಾದರೆ ಶಕ್ತಿ ಹತ್ತನೇ ಒಂದಕ್ಕೆ, 20 ಕಡಿಮೆಯಾದರೆ ನೂರನೇ ಒಂದಕ್ಕೆ ಇಳಿದಂತೆ. ಫೋನನ್ನು ನೆಲದಿಂದ ಎತ್ತಿ ಅಟ್ಟದ ಮೇಲಿಟ್ಟರೆ ಅಥವಾ ಟವರ್ ಇರುವ ದಿಕ್ಕಿನ ಕಿಟಕಿಗೆ ಸರಿಸಿದರೆ 10 ಡಿಬಿಯಷ್ಟು ಸುಧಾರಣೆ ಸಿಗುವುದು ಅಪರೂಪವಲ್ಲ.

ಮಲೆನಾಡಿನಲ್ಲಿ ಮಳೆ ಬಂದರೆ ನೆಟ್‌ವರ್ಕ್ ಹೋಗುತ್ತದೆ ಎಂಬುದು ಎಲ್ಲರ ಅನುಭವ. ಫೋನು ಬಳಸುವ ಆವರ್ತನಗಳಲ್ಲಿ ಮಳೆಹನಿ ಮಾಡುವ ಹಾನಿ ಬಹಳ ಅಲ್ಪ. ತೊಂದರೆ ಬೇರೆ ಕಡೆಗಳಿಂದ ಬರುತ್ತದೆ. ನೀರು ಕುಡಿದ ಕಾಡು, ತೋಟದ ದಟ್ಟ ಸೊಪ್ಪು ಸಂಕೇತವನ್ನು ಹೀರಿಕೊಳ್ಳುತ್ತವೆ. ಒಂದು ಟವರಿನಿಂದ ಇನ್ನೊಂದಕ್ಕೆ ಮಾಹಿತಿ ಸಾಗಿಸುವ ಮೈಕ್ರೋವೇವ್ ಕೊಂಡಿಗಳು ಬಹಳ ಹೆಚ್ಚಿನ ಆವರ್ತನದಲ್ಲಿ ಕೆಲಸ ಮಾಡುವುದರಿಂದ ಜಡಿಮಳೆಗೆ ಅವು ನಿಜಕ್ಕೂ ಬಳಲುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಕರೆಂಟು ಹೋಗಿ ಟವರಿನ ಬ್ಯಾಟರಿ ಖಾಲಿಯಾದರೆ ಇಡೀ ಪ್ರದೇಶವೇ ಮೌನವಾಗುತ್ತದೆ. ಸಿಗ್ನಲ್ ಬಲ ಚೆನ್ನಾಗಿದ್ದೂ ಡೇಟಾ ಹರಿಯುತ್ತಿಲ್ಲವಾದರೆ ಟವರಿನ ಹಿಂದಿನ ಕೊಂಡಿಯನ್ನು ಶಂಕಿಸಬೇಕು; ಆಗ ಫೋನನ್ನು ಎಲ್ಲಿಗೆ ಸರಿಸಿದರೂ ಪ್ರಯೋಜನವಿಲ್ಲ.

ಜಾತ್ರೆಯ ರಾತ್ರಿಯ ಸಮಸ್ಯೆ ಇನ್ನೊಂದು ಬಗೆಯದು. ಸಂಜೆ ನಾಲ್ಕಕ್ಕೆ ಪರೀಕ್ಷಿಸಿದಾಗ ಎಲ್ಲ ಸುಸೂತ್ರ. ಒಂಬತ್ತಕ್ಕೆ ಗದ್ದೆ ತುಂಬ ಜನ, ಎಲ್ಲರ ಕೈಯಲ್ಲೂ ಫೋನು, ಬಹಳ ಮಂದಿ ವಿಡಿಯೊ ಕಳಿಸುತ್ತಿರುತ್ತಾರೆ. ಸಿಗ್ನಲ್ ಬಲ ಎಳ್ಳಷ್ಟೂ ಕಡಿಮೆಯಾಗಿರುವುದಿಲ್ಲ, ಸರದಿ ಮಾತ್ರ ಸಿಗುವುದಿಲ್ಲ.

ಕಾಯುವುದೋ, ಬಿಟ್ಟು ಮುಂದೆ ಹೋಗುವುದೋ

ಕಳೆದುಹೋದ ಪ್ಯಾಕೆಟ್ಟನ್ನು ಏನು ಮಾಡಬೇಕೆಂಬ ಪ್ರಶ್ನೆ ಇಂಟರ್ನೆಟ್ಟಿನಷ್ಟೇ ಹಳೆಯದು. 1974ರಲ್ಲಿ ಅಮೆರಿಕದ ಆರ್ಪಾನೆಟ್ ಜಾಲದಲ್ಲಿ ಡ್ಯಾನಿ ಕೋಹೆನ್ ಮತ್ತು ಸಂಗಡಿಗರು ಮಾತನ್ನು ಪ್ಯಾಕೆಟ್ಟುಗಳಾಗಿ ಕಳಿಸುವ ಪ್ರಯೋಗ ನಡೆಸಿದರು. ಪ್ರತಿ ಪ್ಯಾಕೆಟ್ಟೂ ಕ್ರಮವಾಗಿ, ತಪ್ಪದೆ ಮುಟ್ಟಲೇಬೇಕೆಂಬ ಹಟ ಕಡತಗಳಿಗೆ ಸರಿ, ಮಾತಿಗಲ್ಲ. ತಡವಾಗಿ ಬಂದ ದನಿ ಬಾರದೇ ಇದ್ದದ್ದಕ್ಕೆ ಸಮ ಎಂಬುದು ಕೋಹೆನ್ ಅವರ ವಾದವಾಗಿತ್ತು. ಆ ಹಟವನ್ನೇ ಪಾಲಿಸುವ, ಅಂದು ಒಂದೇ ಆಗಿದ್ದ ಟಿಸಿಪಿ ನಿಯಮಾವಳಿ 1978ರಲ್ಲಿ ಟಿಸಿಪಿ ಮತ್ತು ಐಪಿ ಎಂದು ಇಬ್ಭಾಗವಾಗುವುದಕ್ಕೆ ಮಾತಿನ ಈ ಅಗತ್ಯವೂ ಒಂದು ಕಾರಣ. 1980ರಲ್ಲಿ ಬಂದ ಯುಡಿಪಿ ಮುಟ್ಟಿತೋ ಇಲ್ಲವೋ ವಿಚಾರಿಸದೆ ಕಳಿಸುತ್ತ ಹೋಗುವ ಹಗುರ ವಿಧಾನ.

ಟಿಸಿಪಿಯ ಇನ್ನೊಂದು ಗುಣ 1986ರ ಘಟನೆಯೊಂದರಿಂದ ಬಂದದ್ದು. ಆ ಅಕ್ಟೋಬರಿನಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಕೂಗಳತೆಯ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವಿನ ಸಂಪರ್ಕ ದಟ್ಟಣೆಯಿಂದ ಕುಸಿದು, ಸೆಕೆಂಡಿಗೆ 32 ಕಿಲೋಬಿಟ್ ಇದ್ದ ವೇಗ 40 ಬಿಟ್ಟಿಗೆ ಇಳಿಯಿತು. ವ್ಯಾನ್ ಜೇಕಬ್ಸನ್ ಇದಕ್ಕೆ ಪರಿಹಾರ ಕಂಡುಹಿಡಿದು 1988ರಲ್ಲಿ ಪ್ರಕಟಿಸಿದರು: ಪ್ಯಾಕೆಟ್ ಕಳೆದುಹೋದರೆ ದಾರಿಯಲ್ಲಿ ದಟ್ಟಣೆಯಿದೆ ಎಂದು ತಿಳಿದು ಕಳಿಸುವವರೇ ವೇಗ ತಗ್ಗಿಸಬೇಕು. ತಂತಿಯ ಜಾಲವನ್ನು ಈ ನಿಯಮ ಉಳಿಸಿತು. ನಿಸ್ತಂತು ಜಾಲದಲ್ಲಿ ಪ್ಯಾಕೆಟ್ ಕಳೆಯುವುದು ದಟ್ಟಣೆಯಿಂದಲೇ ಆಗಬೇಕಿಲ್ಲ. ಯಾರೋ ಬಾಗಿಲು ಮುಚ್ಚಿದ್ದರಿಂದಲೂ ಆದೀತು. ಹಳೆಯ ಬಗೆಯ ಟಿಸಿಪಿಗೆ ಆ ವ್ಯತ್ಯಾಸ ತಿಳಿಯದು, ಅದು ವಿನಾಕಾರಣ ವೇಗ ಇಳಿಸುತ್ತದೆ. ಒಂದು ಪ್ಯಾಕೆಟ್ ಸಿಗುವವರೆಗೆ ಅದರ ಹಿಂದೆ ಬಂದವನ್ನೂ ತಡೆದು ನಿಲ್ಲಿಸುತ್ತದೆ. ಯೂಟ್ಯೂಬ್‌ನಂಥ ತಾಣಗಳಿಗೆ ನೇರ ಪ್ರಸಾರ ಕಳಿಸಲು ಬಳಕೆಯಲ್ಲಿರುವ ಆರ್‌ಟಿಎಂಪಿ ವಿಧಾನವೂ ಇಂಟರ್ನೆಟ್ ರೇಡಿಯೊಗಳ ಐಸ್‌ಕಾಸ್ಟ್ ಕೂಡ ಟಿಸಿಪಿಯ ಮೇಲೆಯೇ ನಡೆಯುತ್ತವೆ. ದುರ್ಬಲ ಸಂಪರ್ಕದಲ್ಲಿ ಅವುಗಳ ಪ್ರಸಾರ ಮೊದಲು ಹಿಂದೆ ಬೀಳುತ್ತದೆ, ಕೊನೆಗೆ ಕಳಚಿಕೊಳ್ಳುತ್ತದೆ.

ಎರಡರ ನಡುವಿನ ದಾರಿ ಎಸ್‌ಆರ್‌ಟಿ. ಇದು ಯುಡಿಪಿಯ ಮೇಲೆ ನಡೆಯುತ್ತದೆ, ಕಳೆದ ಪ್ಯಾಕೆಟ್ಟನ್ನು ಮತ್ತೆ ಕೇಳುತ್ತದೆ, ಆದರೆ ಗಡುವು ಮೀರಿದರೆ ಅದನ್ನು ಕೈಬಿಟ್ಟು ಮುಂದೆ ಸಾಗುತ್ತದೆ. ಹೈವಿಷನ್ ಕಂಪನಿ 2017ರಲ್ಲಿ ಇದನ್ನು ಎಲ್ಲರ ಬಳಕೆಗೆ ಮುಕ್ತಗೊಳಿಸಿತು. ಗಡುವು ಎಷ್ಟಿರಬೇಕೆಂಬುದನ್ನು ಬಳಸುವವರೇ ನಿರ್ಧರಿಸಬಹುದು. ಪ್ಯಾಕೆಟ್ ಹೋಗಿಬರಲು ಹಿಡಿಯುವ ಸಮಯದ ಮೂರು ನಾಲ್ಕು ಪಟ್ಟು ಕನಿಷ್ಠ ಎಂಬುದು ರೂಢಿಯ ಲೆಕ್ಕ. ಮೊಬೈಲ್ ನೆಟ್‌ವರ್ಕಿನಲ್ಲಿ ಎರಡರಿಂದ ನಾಲ್ಕು ಸೆಕೆಂಡು ಕೊಡುವುದು ಜಾಣತನ.

ಇಲ್ಲಿಯೇ ಬಫರ್‌ನ ವಿಷಯ ಬರುತ್ತದೆ. ನಗರಸಭೆಯ ನೀರು ಹೊತ್ತಲ್ಲದ ಹೊತ್ತಿಗೆ ಬಂದು ಹೋದರೂ ಮಾಳಿಗೆಯ ಟ್ಯಾಂಕು ತುಂಬಿದ್ದರೆ ಅಡುಗೆಮನೆಯ ನಲ್ಲಿಯಲ್ಲಿ ಸಣ್ಣಗಾದರೂ ಬಿಡದೆ ನೀರು ಬರುತ್ತದೆ. ಬಫರ್ ಮಾಡುವ ಕೆಲಸ ಇದೇ. ಐದು ಸೆಕೆಂಡಿನ ದನಿ ಸದಾ ಕೂಡಿಟ್ಟುಕೊಂಡರೆ ನಾಲ್ಕೂವರೆ ಸೆಕೆಂಡು ಸಂಪರ್ಕ ಸತ್ತರೂ ಕೇಳುಗರಿಗೆ ಗೊತ್ತಾಗುವುದಿಲ್ಲ. ಇದಕ್ಕೆ ತೆರಬೇಕಾದ ಬೆಲೆ ಐದು ಸೆಕೆಂಡಿನ ವಿಳಂಬ. ದುಬೈಯಲ್ಲಿ ಕುಳಿತು ತಾಳಮದ್ದಳೆ ಕೇಳುವವರಿಗೆ ಐದಲ್ಲ, ಇಪ್ಪತ್ತು ಸೆಕೆಂಡು ತಡವಾದರೂ ಏನೂ ವ್ಯತ್ಯಾಸವಾಗದು. ಒಬ್ಬ ಅರ್ಥಧಾರಿ ಬೇರೆ ಊರಿನಿಂದ ಮಾತಿಗೆ ಸೇರಿಕೊಳ್ಳುವುದಾದರೆ ಮಾತ್ರ ಲೆಕ್ಕ ಬದಲಾಗುತ್ತದೆ. ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡ್ ದಾಟುತ್ತ ಹೋದಂತೆ ಸಂಭಾಷಣೆಯ ಸಹಜ ಲಯ ಕೆಡುತ್ತದೆ. ವೆಬ್‌ಆರ್‌ಟಿಸಿ ಆಧಾರಿತ ಕರೆಯ ಆ್ಯಪ್‌ಗಳು ವಿಳಂಬ ತಗ್ಗಿಸಲು ಬಫರನ್ನು ತೀರಾ ಸಣ್ಣದು ಮಾಡಿರುತ್ತವೆ. ಒಮ್ಮುಖ ಪ್ರಸಾರಕ್ಕೂ ಅವನ್ನೇ ಬಳಸಿ, ದನಿ ಕಡಿಯುತ್ತಿದೆ ಎಂದು ದೂರುವುದು ಬಹಳ ಕಡೆ ಕಾಣುವ ತಪ್ಪು. ವಿಳಂಬವನ್ನು ಸಹಿಸಬಲ್ಲ ಪ್ರಸಾರ ಅದನ್ನು ಧಾರಾಳವಾಗಿಯೇ ಬಳಸಿಕೊಳ್ಳಬೇಕು.

ಎಲ್ಲಿ ತುಂಡಾಯಿತು

ದೋಷ ಹುಡುಕುವಾಗ ಮೊದಲು ಕೇಳಬೇಕಾದ ಪ್ರಶ್ನೆ: ಯಾರಿಗೆಲ್ಲ ಕಡಿಯುತ್ತಿದೆ? ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ಕಂಪನಿಯ ನೆಟ್‌ವರ್ಕಿನಲ್ಲಿ ಕೇಳುವ ಇಬ್ಬರು ಮೂವರನ್ನು ಮೊದಲೇ ಗೊತ್ತುಮಾಡಿಕೊಂಡಿದ್ದರೆ ಇದಕ್ಕೆ ನಿಮಿಷದಲ್ಲಿ ಉತ್ತರ ಸಿಗುತ್ತದೆ. ಎಲ್ಲರಿಗೂ ಒಂದೇ ಪದದಲ್ಲಿ ಕಡಿದರೆ ದೋಷ ಸಭೆಯಿಂದ ಸರ್ವರ್‌ವರೆಗಿನ ದಾರಿಯಲ್ಲಿದೆ. ಒಬ್ಬರಿಗೆ ಮಾತ್ರವಾದರೆ ಅದು ಅವರ ಕಡೆಯದು. ಅದಕ್ಕಾಗಿ ಪ್ರಸಾರದ ವ್ಯವಸ್ಥೆಯನ್ನು ಮುಟ್ಟಬಾರದು. ಕಾರ್ಯಕ್ರಮದ ನಡುವೆ ಒಬ್ಬ ಕೇಳುಗರ ಸಂದೇಶ ನೋಡಿ ಎಲ್ಲವನ್ನೂ ನಿಲ್ಲಿಸಿ ಮರುಚಾಲನೆ ಮಾಡಿದರೆ ಉಳಿದ ಇನ್ನೂರು ಜನರ ಪ್ರಸಾರವೂ ಕಡಿಯುತ್ತದೆ.

ಎರಡನೆಯ ಸಾಧನ ಸ್ಥಳದಲ್ಲೇ ಮಾಡುವ ಧ್ವನಿಮುದ್ರಣ. ಕಳಿಸುವ ಲ್ಯಾಪ್‌ಟಾಪಿನಲ್ಲೇ ಅದೇ ದನಿಯನ್ನು ಮುದ್ರಿಸಿಕೊಳ್ಳುತ್ತಿದ್ದರೆ, ದೂರು ಬಂದ ಹೊತ್ತಿನ ಮುದ್ರಿಕೆ ಕೇಳಿ ನೋಡಬಹುದು. ಅದರಲ್ಲೂ ಕರಕರ ಇದ್ದರೆ ನೆಟ್‌ವರ್ಕಿಗೂ ಅದಕ್ಕೂ ಸಂಬಂಧವಿಲ್ಲ. ಮುದ್ರಿಕೆ ಶುದ್ಧವಾಗಿದ್ದರೆ ಮೈಕ್, ಮಿಕ್ಸರ್, ಸೌಂಡ್ ಕಾರ್ಡ್ ಮೂರನ್ನೂ ಒಮ್ಮೆಗೇ ಶಂಕೆಯಿಂದ ಬಿಡುಗಡೆ ಮಾಡಬಹುದು. ಪ್ರಸಾರ ಪೂರ್ತಿ ಕೈಕೊಟ್ಟ ರಾತ್ರಿ ಮರುದಿನ ಕೇಳುಗರಿಗೆ ಕೊಡಲು ಉಳಿಯುವುದೂ ಈ ಮುದ್ರಿಕೆಯೇ, ಆದ್ದರಿಂದ ಇದನ್ನು ಎಂದೂ ಬಿಡಬಾರದು.

ಕೆಟ್ಟ ದನಿಯ ಬಗೆಯೂ ದೋಷದ ಮೂಲ ಹೇಳುತ್ತದೆ. ಸಣ್ಣ ಸಣ್ಣ ತೂತುಗಳಂತೆ ಅಕ್ಷರ ಹಾರುವುದು, ಲೋಹದ ಡಬ್ಬಿಯೊಳಗಿನಿಂದ ಬಂದಂತೆ ಕೇಳಿಸುವುದು ಪ್ಯಾಕೆಟ್ ನಷ್ಟದ ಗುರುತು. ಕಳೆದ ತುಣುಕನ್ನು ಕೋಡೆಕ್ ಹಿಂದಿನದರ ಆಧಾರದಿಂದ ಊಹಿಸಿ ತುಂಬಿದಾಗ ಆ ಯಾಂತ್ರಿಕ ದನಿ ಬರುತ್ತದೆ. ಕೆಲವು ಸೆಕೆಂಡು ಪೂರ್ತಿ ನಿಂತು, ಬಿಟ್ಟಲ್ಲಿಂದಲೇ ಮುಂದುವರಿದರೆ ಬಫರ್ ಬರಿದಾಗಿದೆ. ನಿಂತು, ನಡುವಿನದು ಕಳೆದು ಬೇರೆಡೆಯಿಂದ ಶುರುವಾದರೆ ಸಂಪರ್ಕ ಕಳಚಿ ಮರುಜೋಡಣೆಯಾಗಿದೆ. ಜೋರು ದನಿ ಬಂದಾಗ ಮಾತ್ರ ಹರಿದಂತಾದರೆ ಮಿಕ್ಸರಿನಲ್ಲಿ ಮಟ್ಟ ಹೆಚ್ಚಾಗಿದೆ.

ಇದಾದ ಮೇಲೆ ಪಿಂಗ್. ಒಂದು ಸಣ್ಣ ಪ್ಯಾಕೆಟ್ ಕಳಿಸಿ ಅದರ ಉತ್ತರ ಬರಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತೆಂದು ಹೇಳುವ ಈ ಉಪಕರಣ ಎಲ್ಲ ಕಂಪ್ಯೂಟರುಗಳಲ್ಲೂ ಇದೆ. ಮೊದಲು ರೂಟರಿಗೆ, ಆಮೇಲೆ ಸರ್ವರಿಗೆ, ಒಂದೊಂದಕ್ಕೂ ಹಲವು ನಿಮಿಷ ಬಿಡದೆ ಪಿಂಗ್ ಮಾಡಬೇಕು. ರೂಟರಿನ ಉತ್ತರ ಒಂದೆರಡರಿಂದ ಹತ್ತು ಮಿಲಿಸೆಕೆಂಡಿನೊಳಗೆ ಬರಬೇಕು; ಅಲ್ಲಿಯೇ 200, 300 ಎಂದು ಜಿಗಿಯುತ್ತಿದ್ದರೆ ದೋಷ ಸಭಾಂಗಣದ ವೈಫೈಯದು, ಟವರಿನದಲ್ಲ. ರೂಟರ್ ಸರಿಯಿದ್ದು ಸರ್ವರಿನ ಅಂಕಿ ಜಿಗಿದರೆ ಮೊಬೈಲ್ ಕೊಂಡಿಯನ್ನು ನೋಡಬೇಕು. ಸರಾಸರಿಯತ್ತ ನೋಡುವ ಬದಲು ಅತಿ ಹೆಚ್ಚಿನ ಅಂಕಿಯನ್ನೇ ನೋಡಬೇಕು, ಬಫರಿನ ಗಾತ್ರ ಅದಕ್ಕಿಂತ ಸಾಕಷ್ಟು ದೊಡ್ಡದಿರಬೇಕು.

ಪಿಂಗ್ ಓಡುತ್ತಿರುವಾಗಲೇ ಅದೇ ಹಾಟ್‌ಸ್ಪಾಟಿನಿಂದ ದೊಡ್ಡ ವಿಡಿಯೊ ಒಂದನ್ನು ಅಪ್‌ಲೋಡ್ ಮಾಡಿ ನೋಡುವುದು ಬಹಳ ಉಪಯುಕ್ತ ಪರೀಕ್ಷೆ. 60 ಇದ್ದ ಪಿಂಗ್ 2,000ಕ್ಕೆ ಏರಿದರೆ ದಾರಿಯ ಉಪಕರಣಗಳು ಕಳಿಸಲಾಗದ ಪ್ಯಾಕೆಟ್ಟುಗಳನ್ನು ಎಸೆಯದೆ ಉದ್ದ ಸಾಲಿನಲ್ಲಿ ನಿಲ್ಲಿಸಿಕೊಂಡಿವೆ ಎಂದರ್ಥ. ದನಿಯ ಪ್ಯಾಕೆಟ್ ಆ ಸಾಲಿನ ಕೊನೆಯಲ್ಲಿ ಕಾಯಬೇಕಾಗುತ್ತದೆ. ಜಿಮ್ ಗೆಟ್ಟಿಸ್ 2010ರ ಹೊತ್ತಿಗೆ ಇದನ್ನು ಗುರುತಿಸಿ ಬಫರ್‌ಬ್ಲೋಟ್ ಎಂದು ಕರೆದರು. ಎರಡು ವರ್ಷಗಳ ಬಳಿಕ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ಅದೇ ವ್ಯಾನ್ ಜೇಕಬ್ಸನ್ ಈ ಸಾಲನ್ನು ಹದದಲ್ಲಿಡುವ ಕೋಡೆಲ್ ವಿಧಾನ ರೂಪಿಸಿದರು. ಕೆಲವು ರೂಟರುಗಳಲ್ಲಿ ಅದನ್ನು ಆನ್ ಮಾಡುವ ಸೌಲಭ್ಯವಿದೆ. ಹಳ್ಳಿಯ ಪ್ರಸಾರಕ್ಕೆ ಇದಕ್ಕಿಂತ ಸರಳ ಮದ್ದು ಇದೆ: ಪ್ರಸಾರದ ಫೋನಿನ ಹಾಟ್‌ಸ್ಪಾಟಿನ ಪಾಸ್‌ವರ್ಡನ್ನು ಯಾರಿಗೂ ಕೊಡದಿರುವುದು, ಫೋಟೊ ಬ್ಯಾಕಪ್, ಆ್ಯಪ್ ಅಪ್‌ಡೇಟ್‌ಗಳನ್ನು ಮೊದಲೇ ನಿಲ್ಲಿಸಿಡುವುದು.

ನೆಟ್‌ವರ್ಕಿನದಲ್ಲದ ತಪ್ಪುಗಳು

ನೆಟ್‌ವರ್ಕಿನ ತಲೆಗೆ ಕಟ್ಟುವ ದೋಷಗಳಲ್ಲಿ ಹಲವು ದನಿಯ ಉಪಕರಣಗಳವು. ಚೆಂಡೆಯ ಮೊದಲ ಪೆಟ್ಟಿಗೆ ಮಿಕ್ಸರಿನ ಕೆಂಪು ದೀಪ ಉರಿಯುತ್ತಿದ್ದರೆ ಅಳತೆಯ ಮಿತಿ ಮೀರಿ ಅಲೆಯ ತಲೆ ಕತ್ತರಿಸಿಹೋಗಿರುತ್ತದೆ. ಯಾವ ಕೋಡೆಕ್ಕೂ ಅದನ್ನು ಮರಳಿ ತರಲಾರದು. ಮಾತಿನ ಮಟ್ಟಕ್ಕೆ ಹೊಂದಿಸಿ ಆಮೇಲೆ ಚೆಂಡೆ ಬಂದಾಗ ತಗ್ಗಿಸುವ ಬದಲು, ಏರುಪದ್ಯದ ಅತಿ ಜೋರಿನ ಘಟ್ಟಕ್ಕೆ ಹೊಂದಿಸಿ ಒಂದಿಷ್ಟು ಜಾಗ ಬಿಟ್ಟಿಡುವುದು ಕ್ಷೇಮ.

ಕರೆಯ ಆ್ಯಪ್‌ಗಳಲ್ಲೂ ಕೆಲವು ಫೋನುಗಳಲ್ಲೂ ಹಿನ್ನೆಲೆಯ ಗದ್ದಲ ತೆಗೆಯುವ ವ್ಯವಸ್ಥೆ ತಾನಾಗಿಯೇ ಕೆಲಸ ಮಾಡುತ್ತಿರುತ್ತದೆ. ಏರಿಳಿತವಿಲ್ಲದೆ ಒಂದೇ ಸಮ ಕೇಳುವ ದನಿ ಫ್ಯಾನಿನದೋ ಯಂತ್ರದ್ದೋ ಆಗಿರಬೇಕೆಂಬುದು ಅದರ ತರ್ಕ. ಹಾರ್ಮೋನಿಯಂ ಹಿಡಿದ ಶ್ರುತಿಯೂ ಹಾಗೆಯೇ ಒಂದೇ ಸಮ ಇರುವುದರಿಂದ ಅದು ಶ್ರುತಿಯನ್ನೇ ಅಳಿಸಲು ಹೊರಡುತ್ತದೆ, ಭಾಗವತರ ಎಳೆದ ಸ್ವರವೂ ನಡುವೆ ಕರಗುತ್ತದೆ. ಕೇಳುಗರು ಇದನ್ನು ನೆಟ್‌ವರ್ಕ್ ದೋಷವೆಂದೇ ಭಾವಿಸುತ್ತಾರೆ. ಸಂಗೀತವಿರುವ ಯಾವ ಪ್ರಸಾರದಲ್ಲೂ ಗದ್ದಲ ನಿವಾರಣೆ, ಪ್ರತಿಧ್ವನಿ ನಿವಾರಣೆ, ಮಟ್ಟವನ್ನು ತಾನೇ ಏರಿಳಿಸುವ ಸೌಲಭ್ಯ ಮೂರನ್ನೂ ಬಂದ್ ಮಾಡಬೇಕು.

ಗಂಟೆಗಟ್ಟಲೆ ಸರಿಯಾಗಿ ನಡೆದು ಒಮ್ಮೆ ಕಡಿದು, ಮತ್ತೆ ಅಷ್ಟೇ ಹೊತ್ತು ಸರಿಯಿದ್ದು ಪುನಃ ಕಡಿಯುವುದು ಗಡಿಯಾರಗಳ ಭಿನ್ನಾಭಿಪ್ರಾಯದಿಂದ. ಕಳಿಸುವ ಸೌಂಡ್ ಕಾರ್ಡಿನ ಒಳಗಿನ ಸ್ಫಟಿಕವೂ ಕೇಳುವ ಫೋನಿನದೂ ಸೆಕೆಂಡಿಗೆ 48,000 ಎಂದು ಹೇಳಿಕೊಂಡರೂ ಎರಡೂ ತುಸು ಬೇರೆ. ಆ ವ್ಯತ್ಯಾಸ ಹತ್ತು ಸಾವಿರಕ್ಕೆ ಒಂದರಷ್ಟಿದ್ದರೆ ಗಂಟೆಗೆ 0.36 ಸೆಕೆಂಡು ಆಗುತ್ತದೆ. ಕೇಳುವ ಕಡೆ ವೇಗ ಹೆಚ್ಚಿದ್ದರೆ ಒಂದು ಸೆಕೆಂಡಿನ ಬಫರ್ ಮೂರು ಗಂಟೆಯೊಳಗೆ ಬರಿದಾಗುತ್ತದೆ. ಒಳ್ಳೆಯ ತಂತ್ರಾಂಶಗಳು ಇದನ್ನು ಗಮನಿಸಿ ಕಿವಿಗೆ ತಿಳಿಯದಷ್ಟು ಸೂಕ್ಷ್ಮವಾಗಿ ವೇಗ ಸರಿಹೊಂದಿಸುತ್ತವೆ. ಆ ಸೌಲಭ್ಯವಿಲ್ಲದ ಕಡೆ ಬಫರ್ ದೊಡ್ಡದಿಡುವುದೇ ಉಪಾಯ. ಇಂಥ ಕಡಿತವನ್ನು ಗುರುತಿಸಲು ಕಡಿದ ಹೊತ್ತನ್ನು ಬರೆದಿಟ್ಟುಕೊಂಡರೆ ಸಾಕು. ಅಂತರ ಸಮನಾಗಿದ್ದರೆ ರೇಡಿಯೊ ಅಲೆಗಳನ್ನು ದೂರುವಂತಿಲ್ಲ.

ಫೋನಿನಿಂದಲೇ ಕಳಿಸುವವರು ಎರಡು ವಿಷಯ ಗಮನಿಸಬೇಕು. ಬ್ಯಾಟರಿ ಉಳಿಸುವ ವ್ಯವಸ್ಥೆ ಪರದೆ ಆರಿದ ಮೇಲೆ ಆ್ಯಪನ್ನೇ ಮಲಗಿಸಬಹುದು. ಚಾರ್ಜಿಗೆ ಹಾಕಿ ಗಂಟೆಗಟ್ಟಲೆ ಓಡಿಸಿದ ಫೋನು ಬಿಸಿಯಾದಾಗ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸುತ್ತದೆ.

ಸರಿಪಡಿಸುವಾಗ

ಪ್ರಸಾರ ತಡವರಿಸತೊಡಗಿದರೆ ಮೊದಲು ಇಳಿಸಬೇಕಾದದ್ದು ಬಿಟ್‌ರೇಟ್. ಮಾತಿಗೆ ಎಡಬಲಗಳ ಭೇದ ಬೇಡ, ಸ್ಟೀರಿಯೊ ಬಿಟ್ಟು ಮೊನೊ ಮಾಡಿದರೆ ಅದೇ ಗುಣಮಟ್ಟಕ್ಕೆ ಬಹಳ ಕಡಿಮೆ ಬಿಟ್ ಸಾಕಾಗುತ್ತದೆ. ದೀರ್ಘ ಪರೀಕ್ಷೆಯಲ್ಲಿ ಕಂಡ ಅತಿ ಕಡಿಮೆ ಅಪ್‌ಲೋಡ್ ವೇಗದ ಅರ್ಧವನ್ನೂ ಮೀರದಂತೆ ಬಿಟ್‌ರೇಟ್ ಇಡುವುದು ಒಳ್ಳೆಯ ಕಟ್ಟುಪಾಡು. ವಿಡಿಯೊ ಜೊತೆಗಿದ್ದರೆ ಅದನ್ನು ಕೈಬಿಡಲು ಹಿಂಜರಿಯಬಾರದು. ಓಪಸ್ ಬಳಸುವಲ್ಲಿ ಮಾತಿನ ವಿಧಾನದೊಳಗೆ ಹಿಂದಿನ ತುಣುಕಿನ ಕಿರುಪ್ರತಿಯನ್ನು ಮುಂದಿನ ಪ್ಯಾಕೆಟ್ಟಿನಲ್ಲಿ ಸೇರಿಸಿ ಕಳಿಸುವ ಸೌಲಭ್ಯವಿದೆ. ಬಿಡಿ ಪ್ಯಾಕೆಟ್ಟುಗಳು ಕಳೆಯುವ ಜಾಲದಲ್ಲಿ ಅದು ಚೆನ್ನಾಗಿ ಫಲ ಕೊಡುತ್ತದೆ.

ಸಾಧ್ಯವಿದ್ದಲ್ಲೆಲ್ಲ ನಿಸ್ತಂತು ಕೊಂಡಿಗಳ ಸಂಖ್ಯೆ ಕಡಿಮೆ ಮಾಡಬೇಕು. ಟವರಿಗೆ ಹೋಗುವ ಒಂದು ಕೊಂಡಿ ಅನಿವಾರ್ಯ. ಲ್ಯಾಪ್‌ಟಾಪಿನಿಂದ ರೂಟರಿಗೆ ಇನ್ನೊಂದು ಏಕೆ? ಈಥರ್ನೆಟ್ ಕೇಬಲ್ 100 ಮೀಟರ್‌ವರೆಗೆ ಎಳೆಯಬಹುದು. ಸಿಮ್ ಹಾಕಿದ ರೂಟರನ್ನು ಸಿಗ್ನಲ್ ಚೆನ್ನಾಗಿರುವ ಮಹಡಿಯಲ್ಲೋ ದೂರದ ಮನೆಯಲ್ಲೋ ಇಟ್ಟು ಅಲ್ಲಿಂದ ವೇದಿಕೆಯ ಪಕ್ಕಕ್ಕೆ ಕೇಬಲ್ ತಂದರೆ ಅರ್ಧ ಸಮಸ್ಯೆ ಕಳೆಯುತ್ತದೆ. ಫೋನಿನ ಹಾಟ್‌ಸ್ಪಾಟನ್ನು ಯುಎಸ್‌ಬಿ ತಂತಿಯಲ್ಲಿ ಜೋಡಿಸಿದರೂ ಆದೀತು. ವೈಫೈಯೇ ಗತಿಯಾದರೆ 5 ಗಿಗಾಹರ್ಟ್ಸ್ ಒಳ್ಳೆಯದು. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಎಂಬ ಮೂರೇ. ಬ್ಲೂಟೂತ್, ಮೈಕ್ರೋವೇವ್ ಒಲೆ, ಅಗ್ಗದ ಅನೇಕ ವೈರ್‌ಲೆಸ್ ಮೈಕುಗಳು ಎಲ್ಲವೂ ಅದೇ ಜಾಗದಲ್ಲಿವೆ. ಮನುಷ್ಯದೇಹವೂ ಈ ಅಲೆಗಳನ್ನು ಹೀರುವುದರಿಂದ ಖಾಲಿ ಸಭಾಂಗಣದ ಪರೀಕ್ಷೆ ತುಂಬಿದ ಸಭೆಗೆ ಅನ್ವಯಿಸುವುದಿಲ್ಲ. ರೂಟರ್ ಜನರ ತಲೆಗಿಂತ ಮೇಲಿರಬೇಕು.

ಎರಡು ಕಂಪನಿಗಳ ಸಿಮ್ ಇಟ್ಟುಕೊಳ್ಳುವುದು ರೂಢಿ. ಎರಡೂ ಸಂಪರ್ಕಗಳನ್ನು ಏಕಕಾಲಕ್ಕೆ ಬಳಸುವ ಬಾಂಡಿಂಗ್ ಉಪಕರಣಗಳೂ ಇವೆ. ಆದರೆ ನಮ್ಮಲ್ಲಿ ಹಲವು ಕಡೆ ಬೇರೆ ಬೇರೆ ಕಂಪನಿಗಳ ಆಂಟೆನಾಗಳು ಒಂದೇ ಟವರಿನ ಮೇಲೆ, ಒಂದೇ ಜನರೇಟರಿನ ಆಶ್ರಯದಲ್ಲಿರುತ್ತವೆ. ಕರೆಂಟು ಹೋದರೆ ಎರಡೂ ಒಟ್ಟಿಗೇ ಹೋಗುತ್ತವೆ. ಎರಡನೆಯ ಸಿಮ್ ಆರಿಸುವಾಗ ಅದು ಯಾವ ಟವರಿನಿಂದ ಬರುತ್ತಿದೆ ಎಂದು ನೋಡುವುದು ಇದಕ್ಕಾಗಿ. ರೂಟರಿಗೂ ಲ್ಯಾಪ್‌ಟಾಪಿಗೂ ಯುಪಿಎಸ್ ಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ.

ಸರ್ವರಿನಲ್ಲೂ ಮಾಡಿಟ್ಟುಕೊಳ್ಳುವ ಸಿದ್ಧತೆಯಿದೆ. ಮೂಲದಿಂದ ಬರುವ ದನಿ ನಿಂತಾಗ ಐಸ್‌ಕಾಸ್ಟ್ ಕೇಳುಗರನ್ನು ಕಳಚದೆ ಮೊದಲೇ ಇಟ್ಟ ಇನ್ನೊಂದು ಧ್ವನಿಗೆ ಹೊರಳಿಸಬಲ್ಲುದು, ಮೂಲ ಮರಳಿದೊಡನೆ ಹಿಂದಕ್ಕೆ ತರಬಲ್ಲುದು. ಕಳಿಸುವ ತಂತ್ರಾಂಶದಲ್ಲಿ ತಾನಾಗಿ ಮರುಜೋಡಣೆ ಮಾಡುವ ಆಯ್ಕೆ ಆನ್ ಆಗಿರಬೇಕು.

ಕೇಳುಗರ ಕಡೆ

2009ರಲ್ಲಿ ಆ್ಯಪಲ್ ಪರಿಚಯಿಸಿದ ಎಚ್‌ಎಲ್‌ಎಸ್ ವಿಧಾನ ದನಿಯನ್ನು ಕೆಲವು ಸೆಕೆಂಡುಗಳ ಕಿರುಕಡತಗಳಾಗಿ ಕತ್ತರಿಸಿ ಕೊಡುತ್ತದೆ. ಆರು ಸೆಕೆಂಡಿನ ಮೂರು ಕಡತ ಕೈಯಲ್ಲಿಟ್ಟುಕೊಂಡ ಪ್ಲೇಯರಿಗೆ ಹದಿನೆಂಟು ಸೆಕೆಂಡಿನ ಬಫರ್ ತಾನಾಗಿಯೇ ಸಿಗುತ್ತದೆ. ಬೇರೆ ಬೇರೆ ಬಿಟ್‌ರೇಟಿನ ಪ್ರತಿಗಳನ್ನು ಇಟ್ಟರೆ ಕೇಳುಗರ ಸಂಪರ್ಕ ಕುಂದಿದಾಗ ಪ್ಲೇಯರ್ ಕೆಳಗಿನ ಪ್ರತಿಗೆ ಇಳಿಯುತ್ತದೆ. ಬಸ್ಸಿನಲ್ಲಿ, ಘಾಟಿಯಲ್ಲಿ ಕೇಳುವವರಿಗೆ ಒಂದು ಟವರಿನಿಂದ ಇನ್ನೊಂದಕ್ಕೆ ದಾಟುವಾಗ ಇದರಿಂದ ಬಹಳ ಅನುಕೂಲ.

ಸರ್ವರಿನವರೆಗೆ ಎಲ್ಲ ಸರಿಯಿದ್ದು ಒಬ್ಬರಿಗೇ ಕಡಿಯುತ್ತಿದ್ದರೆ ಅವರು ಕಡಿಮೆ ಗುಣಮಟ್ಟದ ಆಯ್ಕೆ ಮಾಡಿ ನೋಡಬೇಕು. ಹಲವು ಪ್ಲೇಯರುಗಳಲ್ಲಿ ಅರ್ಧ ನಿಮಿಷ ಪಾಸ್ ಒತ್ತಿ ಆಮೇಲೆ ಪ್ಲೇ ಮಾಡಿದರೆ ಅಷ್ಟು ದನಿ ಕೂಡಿಕೊಂಡಿರುತ್ತದೆ. ನೇರ ಪ್ರಸಾರಕ್ಕಿಂತ ಅರ್ಧ ನಿಮಿಷ ಹಿಂದಿದ್ದು ನಿರಾತಂಕವಾಗಿ ಕೇಳಬಹುದು. ವೈಫೈ ಕ್ಷೀಣವಾಗಿ ಸಿಗುವ ಮೂಲೆಯಲ್ಲಿ ಫೋನು ವೈಫೈಗೂ ಮೊಬೈಲ್ ಡೇಟಾಗೂ ನಡುವೆ ಓಲಾಡುತ್ತಿದ್ದರೆ ವೈಫೈ ಆರಿಸಿಬಿಡುವುದು ಮೇಲು. ಬ್ಲೂಟೂತ್ ಇಯರ್‌ಫೋನ್ ಬಳಸುವವರ ದಾರಿಯಲ್ಲಿ ಇನ್ನೂ ಒಂದು ನಿಸ್ತಂತು ಕೊಂಡಿ ಇದೆ. ಅದೂ 2.4 ಗಿಗಾಹರ್ಟ್ಸ್‌ನದೇ, ಫೋನು ಹಿಂದಿನ ಜೇಬಿನಲ್ಲಿದ್ದರೆ ದೇಹವೇ ಅಡ್ಡ ಬಂದು ದನಿ ಕಡಿಯುತ್ತದೆ. ಇಯರ್‌ಫೋನ್ ತೆಗೆದು ಫೋನಿನ ಸ್ಪೀಕರಿನಲ್ಲೇ ಎರಡು ನಿಮಿಷ ಕೇಳಿ ನೋಡಿದರೆ ದೋಷ ಕೊನೆಯ ಆ ಒಂದು ಮೀಟರಿನದೋ ಅಲ್ಲವೋ ತಿಳಿಯುತ್ತದೆ.